ಕ್ಯಾನಿನಲ್ಲಿ ಉಳಿದ ನೀರು

ನೀರು ಕೊಟ್ಟಿದ್ದೆನಲ್ಲ... ಅದೂ ತಣ್ಣನೆಯ ನೀರು. ಇನ್ನೇನು ಮಾಡಬೇಕಿತ್ತು?

ಕಲಬುರಗಿಯ ಆಸ್ಪತ್ರೆಯೊಂದರ ವಾರ್ಡಿನ ಹೊರಗೆ ನಿಂತು ಬಸವಂತರಾಯ ತನ್ನನ್ನೇ ಕೇಳಿಕೊಳ್ಳುತ್ತಿದ್ದ.

ಅವನ ಹೊಸ ಮನೆ ಕಟ್ಟುವ ಕೆಲಸಕ್ಕೆ ಬರುತ್ತಿದ್ದ ಭೀಮಬಾಯಿ ಒಳಗೆ ಪ್ರಜ್ಞೆಯಿಲ್ಲದೆ ಮಲಗಿದ್ದಳು.

ಮೇ ತಿಂಗಳು... ನಲವತ್ತನಾಲ್ಕು ಡಿಗ್ರಿ. ಕಾಂಪೌಂಡ್ ಗೋಡೆಗೆ ಇಟ್ಟಿಗೆ ಹೊರುತ್ತಿದ್ದವಳು ಮಧ್ಯಾಹ್ನ ಹಾಗೆಯೇ ಕುಸಿದಿದ್ದಳು.

ದಿನಾ ಬೆಳಿಗ್ಗೆ ಐಸ್ ಹಾಕಿದ ಕ್ಯಾನ್ ತಂದು ಇಳಿಸುತ್ತಿದ್ದವನು ಅವನೇ. ಇಳಿಸಿದಾಗಲೆಲ್ಲ ಮನಸ್ಸಿಗೆ ಏನೋ ಸಮಾಧಾನ...

ಭೀಮಬಾಯಿ ಮಾತ್ರ ಆ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿಬಿಡುತ್ತಿದ್ದಳು.

“ಐಸ್ ನೀರ್ ತಂದ್ ಕೊಟ್ರ ಉಗುಳ್ತೀಯಲ್ಲ... ಭಾರಿ ಸೊಕ್ಕ್ ಅದ ನಿಂದು,” ಎಂದು ಒಮ್ಮೆ ರೇಗಿದ್ದ.

“ಬಿಸಲು ಬಾಯಿಗಷ್ಟೇ ಹತ್ತ್ಯಾದ್ರೀ ಸಾಹೇಬ್ರ, ಹೊಟ್ಟಿಗಿಲ್ಲ,” ಎಂದು ಅವಳು ನಕ್ಕಿದ್ದಳು.

ಅವನೂ ನಕ್ಕು, ಕಾರಿನ ಎಸಿಯೊಳಗೆ ಹೋಗಿ ಕುಳಿತಿದ್ದ.

ಡಾಕ್ಟರ್ ಹೊರಗೆ ಬಂದರು. “ಕಿಡ್ನಿ ಕೆಲಸ ಮಾಡ್ತಿಲ್ಲ. ಮೈಯಲ್ಲಿ ನೀರೇ ಇಲ್ಲ. ಅಲ್ಲಿ ಕುಡಿಯೋಕೆ ನೀರಿರಲಿಲ್ವಾ?”

“ಇತ್ತು ಡಾಕ್ಟರ್... ಆಕೀನೇ ಕುಡೀಲಿಲ್ಲ.”

ಭೀಮಬಾಯಿಯ ಜೊತೆ ಇಟ್ಟಿಗೆ ಹೊರುತ್ತಿದ್ದ ತಂಗೆಮ್ಮ ಅಲ್ಲೇ ನೆಲದ ಮೇಲೆ ಕುಳಿತಿದ್ದಳು. ತಲೆ ಎತ್ತಿದಳು.

“ಕುಡದ್ರ ಹೋಗ್ಲಾಕ ಜಾಗ ಬೇಕಲ್ರೀ... ಗಂಡಸ್ರು ಎಲ್ಲಿ ಬೇಕಲ್ಲಿ ನಿಂದರ್ತಾರ. ಆ ಬಯಲಾಗ ನಾವೆಲ್ಲಿ ಹೋಗ್ಬೇಕು? ಕತ್ತಲಾಗೋತನಕ ತಡ್ಕೋಬೇಕು. ಅದಕ್ಕೇ ಬಾಯಿ ತೋಯಿಸ್ಕೊಂಡ್ ಉಗುಳ್ತಿದ್ವಿ.”

“ಆ ಮನೇಲಿ ಟಾಯ್ಲೆಟ್ ಇಲ್ವಾ?” ಡಾಕ್ಟರ್ ಕೇಳಿದರು.

“ಅದ ರೀ, ಹೊಸಾದು. ಕೀಲಿ ಹಾಕ್ಯಾರ. ಗೃಹಪ್ರವೇಶ ಆಗೋತನಕ ಯಾರೂ ಬಳಸಬಾರದಂತ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಎಲ್ಲ ಕಡೆ ಹೀಗೇ ಅಲ್ಲವೇ ಎನ್ನುವಂತಿತ್ತು.

ಬಸವಂತರಾಯನ ಕೈ ಜೇಬಿಗೆ ಹೋಯಿತು. ಕೀಲಿ ಅಲ್ಲೇ ಇತ್ತು...

ಹೋದ ವಾರ ಅವನಿಗೇ ಅವಸರವಾಗಿತ್ತು. ಮನೆಯ ಯಜಮಾನನಿಗೇನು ದೋಷ ಎಂದುಕೊಂಡು ಬೀಗ ತೆಗೆದು ಹೋಗಿ ಬಂದಿದ್ದ. ಆಮೇಲೆ ಮತ್ತೆ ಬೀಗ ಹಾಕಿದ್ದ.

ಮೂರನೇ ದಿನ ಭೀಮಬಾಯಿ ತೀರಿಕೊಂಡಳು.

ಮಣ್ಣಿಗೆ ಬಂದವರೆಲ್ಲ “ಈ ವರ್ಷದ ಬಿಸಲು ಭಾಳ ಕೆಟ್ಟದ್ದು” ಅಂದರು. ಅವನೂ ತಲೆಯಾಡಿಸಿದ.

ತಂಗೆಮ್ಮನ ತುಟಿಗಳು ಒಣಗಿ ಒಡೆದಿದ್ದವು. ಯಾರೋ ಕೊಟ್ಟ ನೀರಿನ ಬಾಟಲಿ ಅವಳ ಕೈಯಲ್ಲಿ ತುಂಬಿದಂತೆಯೇ ಇತ್ತು... ಅವನ ಕಣ್ಣು ತುಂಬಿ ಬಂತು.

*ಬಿಸಿಲು ಎಲ್ಲರ ಮೇಲೂ ಬೀಳುತ್ತದೆ... ಬದುಕಿಕೊಳ್ಳುವ ಬಾಗಿಲಿನ ಕೀಲಿ ಮಾತ್ರ ಕೆಲವರ ಜೇಬಿನಲ್ಲಿರುತ್ತದೆ.*

ನಿಮ್ಮಲ್ಲಿ ದುಡಿಯಲು ಬಂದವರಿಗೆ ನೀರು ಕೊಟ್ಟಿರಿ, ಸರಿ... ಬಾಗಿಲು ತೆಗೆದಿದ್ದೀರಾ?

ತಾನೊಮ್ಮೆ ಆ ಬೀಗ ತೆಗೆದಿದ್ದೆ ಎಂಬುದನ್ನು ಬಸವಂತರಾಯ ಯಾರಿಗೂ ಹೇಳಲಿಲ್ಲ.