ಎಡಗಡೆಯ ನೆಗ್ಗು

"ಇದನ್ನ ಯಾರು ತೆಗೆದಿದ್ದು?"

ಮುನಿರಾಮಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಸರಳಾಗೆ ಹೆದರಿಕೆಯಾಯಿತು. ಅಪ್ಪ ಹಳೇ ಕಾರಿನ ಎಡ ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸುತ್ತಿದ್ದ. ಬೆಳಿಗ್ಗೆ ಅಲ್ಲಿ ಗೇಣುದ್ದದ ನೆಗ್ಗಿತ್ತು. ಈಗ ಇರಲಿಲ್ಲ.

"ನಾನೇ. ನೀನು ಕೋಲಾರಕ್ಕೆ ಹೋಗಿದ್ದಾಗ."

ಹೊಗಳುತ್ತಾನೆ ಎಂದು ಸಂಜೆಯವರೆಗೆ ಕಾದಿದ್ದಳು. ತಗಡಿನ ಹಿಂದೆ ಕಬ್ಬಿಣದ ಗಟ್ಟಿ ಕೊಟ್ಟು, ಮುಂದಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ, ನಾಲ್ಕು ಗಂಟೆ ಹಿಡಿದಿತ್ತು. ಯಾರ ಸಹಾಯವೂ ಇಲ್ಲದೆ ಅವಳು ತೆಗೆದ ಮೊದಲ ನೆಗ್ಗು.

"ಅದನ್ನ ಮುಟ್ಟಬೇಡಿ ಅಂತ ಕಾರಿನೋರು ಅಷ್ಟು ಹೇಳಿ ಹೋದ್ರಲ್ಲ. ಕೇಳಿಸ್ಕೊಳ್ಳಲಿಲ್ವಾ?"

ಕೇಳಿಸಿಕೊಂಡಿರಲಿಲ್ಲ. ಗಿರಾಕಿ ಬಂದರೆ ಸರಳಾ ಶೆಡ್ಡಿನ ಹಿಂದಕ್ಕೆ ಹೋಗಿಬಿಡುತ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಟಿಂಕರಿಂಗ್ ಕೆಲಸಕ್ಕೆ ನಿಂತು ಐದು ವರ್ಷ. ನಂಗಲಿ ರಸ್ತೆಯ ಲಾರಿಗಳ ತಗಡು ಅವಳ ಮಾತು ಕೇಳುತ್ತಿತ್ತು. ಅಪರಿಚಿತರೆದುರು ಮಾತ್ರ ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಕಾರು ಬೈರಕೂರಿನ ಸುಬ್ಬರಾಯಪ್ಪನವರದು. ಮೂವತ್ತೆಂಟರ ಆಸ್ಟಿನ್. ಅಡಿಭಾಗ ತುಕ್ಕು ಹಿಡಿದಿದೆ ಎಂದು ಬಿಟ್ಟು ಹೋಗಿದ್ದರು. ನೆಗ್ಗಿನ ಕಥೆಯನ್ನು ಅಪ್ಪ ಈಗ ಹೇಳಿದ. ನಲವತ್ತೇಳರಲ್ಲಿ, ಮೈಸೂರು ಚಲೋ ಚಳವಳಿ ನಡೆಯುತ್ತಿದ್ದಾಗ, ಪೊಲೀಸರು ಹುಡುಕುತ್ತಿದ್ದ ಮೂವರು ಹುಡುಗರನ್ನು ಸುಬ್ಬರಾಯಪ್ಪನವರ ತಂದೆ ಈ ಕಾರಿನಲ್ಲಿ ಅಡಗಿಸಿಕೊಂಡು ನಂಗಲಿ ಗಡಿ ದಾಟಿಸಿದ್ದರಂತೆ. ಅಡ್ಡಗಟ್ಟಿದ ಪೊಲೀಸರ ಲಾಠಿ ಬಿದ್ದ ಗುರುತು ಅದು.

"'ನೆಗ್ಗು ಹೋದ್ರೆ ನಮ್ಮಪ್ಪ ಎಂಥೋರು ಅಂತ ಜನಕ್ಕೆ ಏನು ಹೇಳ್ಲಿ ಮುನಿರಾಮಪ್ಪ,' ಅಂದ್ರು ಕಣಮ್ಮಣ್ಣಿ. ಹೇಳುವಾಗ ಅದರ ಕಡೆ ತಿರುಗೂ ನೋಡಲಿಲ್ಲ. ಅಷ್ಟು ಸಂಕಟ ಅವರಿಗೆ."

ಅಂದು ಗುರುವಾರ. ಭಾನುವಾರ ಬೆಂಗಳೂರಿನಿಂದ ಹಳೇ ಕಾರುಗಳ ಸಂಘದವರು ಆ ನೆಗ್ಗನ್ನೇ ನೋಡಲು ಬರುವವರಿದ್ದರು.

"ಹೇಳಿಬಿಡೋಣ ಅಪ್ಪ."

"ಏನಂತ? ಎಪ್ಪತ್ತೆಂಟು ವರ್ಷ ಉಳಿದಿದ್ದನ್ನ ನನ್ನ ಮಗಳು ನಾಲ್ಕು ಗಂಟೇಲಿ ಅಳಿಸಿಹಾಕಿದ್ಲು ಅಂತಾನಾ? ನಾಳೆಯಿಂದ ಯಾರು ನಮ್ಮತ್ರ ಗಾಡಿ ಬಿಡ್ತಾರೆ?"

ಶುಕ್ರವಾರ ಬೆಳಿಗ್ಗೆ ಮುನಿರಾಮಪ್ಪ ಗಟ್ಟಿ ಬಿದಿರಿನ ಕೋಲೊಂದನ್ನು ತಂದ. ಎರಡು ಸಲ ಎತ್ತಿದ, ಎರಡು ಸಲವೂ ಇಳಿಸಿದ.

"ಸಾವಿರ ನೆಗ್ಗು ತೆಗೆದಿದ್ದೀನಿ. ಒಂದನ್ನೂ ಹಾಕಿಲ್ಲ. ನೀನೇ ಹೊಡಿ."

ಸರಳಾ ಹೊಡೆದಳು. ತಗಡು ಗಂಟೆಯಂತೆ ಮೊಳಗಿತು, ಗುರುತು ಬೀಳಲಿಲ್ಲ. ಇನ್ನೂ ಜೋರಾಗಿ ಹೊಡೆದಳು. ನಾಲ್ಕನೇ ಏಟಿಗೆ ಕೋಲೇ ಸೀಳಿತು.

"ಆಗಿನ ಪೊಲೀಸರು ಏನು ತಿಂತಿದ್ರೋ," ಎಂದ ಮುನಿರಾಮಪ್ಪ. ಇಬ್ಬರೂ ನಗಲಿಲ್ಲ.

ಕೊನೆಗೆ ಹಾರೆ ತಂದಳು. ಒಂದೇ ಏಟು. ಬಣ್ಣ ಎದ್ದ ಕಡೆ ಉಪ್ಪುನೀರು ಸವರಿ ತುಕ್ಕು ಬರಿಸಿದಳು. ಕೆಲಸ ಚೆನ್ನಾಗಿಯೇ ಬಂತು. ಅದು ಚೆನ್ನಾಗಿ ಬಂದದ್ದೇ ಅವಳಿಗೆ ಹೆಚ್ಚು ನಾಚಿಕೆ ತಂದಿತು. ಆಮೇಲೆ ಆ ಬದಿಗೆ ಹೋಗಲಿಲ್ಲ.

ಭಾನುವಾರ ಅಪ್ಪ ಮಗಳು ಕಾರನ್ನು ಬೈರಕೂರಿಗೆ ತಲುಪಿಸಿದರು. ಮನೆಯ ಮುಂದೆ ಎಂಟು ಹತ್ತು ಜನ, ಎಲ್ಲರ ಕೈಯಲ್ಲೂ ಫೋನು. ಯಾರೋ ಸುಬ್ಬರಾಯಪ್ಪನವರಿಗೆ ಶಾಲು ಹೊದಿಸಿದರು. ಅವರು ಮಡ್‌ಗಾರ್ಡಿಗೆ ಬೆನ್ನು ಮಾಡಿ ನಿಂತು ಕಥೆ ಹೇಳತೊಡಗಿದರು. ಎಷ್ಟೋ ಸಲ ಹೇಳಿದ ಕಥೆ, ಎಲ್ಲಿಯೂ ತಡವರಿಸಲಿಲ್ಲ.

"ಇಲ್ಲಿಗೇ ಬಿತ್ತು ಲಾಠಿ," ಎಂದು ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿದರು.

ಬೆರಳುಗಳು ನೆಗ್ಗಿಗಿಂತ ಎರಡಂಗುಲ ಮೇಲೆ, ನುಣ್ಣನೆಯ ತಗಡಿನ ಮೇಲೆ ನಿಂತವು. ಹುಡುಕಿದವು. ಮೆಲ್ಲಗೆ ಕೆಳಗಿಳಿದವು. ಮಾತು ಒಂದು ಕ್ಷಣ ನಿಂತು ಮುಂದುವರಿಯಿತು. ಬೇರೆ ಯಾರೂ ಗಮನಿಸಲಿಲ್ಲ. ಸರಳಾ ಗಮನಿಸಿದಳು.

ಬಂದವರು ಉಪ್ಪಿಟ್ಟಿಗೆ ಒಳಗೆ ಹೋದರು. ಸರಳಾ ಅಪ್ಪನ ಬೆನ್ನ ಹಿಂದಿನಿಂದ ಈಚೆ ಬಂದಳು.

"ಯಜಮಾನ್ರೇ, ಆ ನೆಗ್ಗು ನಾನು ಹೊಡೆದಿದ್ದು. ಮೊದಲಿದ್ದುದನ್ನ ಗೊತ್ತಿಲ್ದೆ ತೆಗೆದುಬಿಟ್ಟೆ. ಅಪ್ಪಂದೇನೂ ತಪ್ಪಿಲ್ಲ. ಒಳಗೆ ಹೋಗಿ ಅವರಿಗೂ ನಾನೇ ಹೇಳ್ತೀನಿ."

ಮುನಿರಾಮಪ್ಪ ತಲೆ ತಗ್ಗಿಸಿದ. ಸುಬ್ಬರಾಯಪ್ಪ ಅವಳ ಮುಖವನ್ನೇ ನೋಡಿದರು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಯಾವತ್ತು ಹೊಡೆದೆ?"

"ಶುಕ್ರವಾರ."

"ಎರಡೇ ದಿನಕ್ಕೆ ಹೇಳೋಕೆ ಬಂದ್ಯಾ." ಶಾಲು ತೆಗೆದು ಮಡಚಿದರು. ಮಡಿಕೆ ಸರಿ ಬರದೆ ಮತ್ತೆ ಬಿಡಿಸಿದರು. "ನಾನು ಹೊಡೆದು ಇಪ್ಪತ್ತೆಂಟು ವರ್ಷ ಆಯ್ತು."

ಮುನಿರಾಮಪ್ಪ ತಲೆಯೆತ್ತಿದ. "ಹಂಗಾದ್ರೆ ಲಾಠಿ?"

"ಲಾಠಿಗೆ ಈ ತಗಡು ನೆಗ್ಗುತ್ತೇನಯ್ಯಾ? ಸ್ವಾತಂತ್ರ್ಯ ಬಂದ ಐವತ್ತನೇ ವರ್ಷಕ್ಕೆ ಊರಲ್ಲಿ ಸನ್ಮಾನ ಇಟ್ಟಿದ್ರು. ಏನಾದ್ರೂ ಗುರುತು ತೋರಿಸಿ ಅಂದ್ರು." ಅವರ ಕಣ್ಣು ನೆಲದ ಮೇಲಿತ್ತು. "ಇದನ್ನೂ ತೆಗೆದುಬಿಡಮ್ಮ. ಅವರು ಹೊರಗೆ ಬಂದು ನೋಡ್ಲಿ."

ಎಪ್ಪತ್ತು ದಾಟಿದ ಮನುಷ್ಯ ತನ್ನೆದುರು ತಲೆ ತಗ್ಗಿಸಿದ್ದನ್ನು ನೋಡಲು ಸರಳಾಗೆ ಆಗಲಿಲ್ಲ. ಸಮಾಧಾನಕ್ಕೆ ಹೇಳಿದಳು:

"ಇರ್ಲಿ ಬಿಡಿ ಯಜಮಾನ್ರೇ. ನೆಗ್ಗು ಸುಳ್ಳಾದ್ರೆ ನಿಮ್ಮಪ್ಪ ಆ ಹುಡುಗರನ್ನ ಗಡಿ ದಾಟಿಸಿದ್ದು ಸುಳ್ಳಾಗುತ್ತಾ?"

"ದಾಟಿಸಲಿಲ್ಲಮ್ಮ," ಎಂದರು ಸುಬ್ಬರಾಯಪ್ಪ, "ಇದೇ ಕಾರಲ್ಲಿ ಕೂರಿಸ್ಕೊಂಡು ಹೋಗಿ ಮೂವರನ್ನೂ ಪೊಲೀಸರ ಕೈಗೆ ಒಪ್ಪಿಸಿ ಬಂದ್ರು."