ಗಾಲಿಗೆ ಕೊಟ್ಟ ಕಲ್ಲು

ಲಡಾಖಿನ ರಸ್ತೆ ಕೆಲಸದಲ್ಲಿ ಡ್ರೈವರ್ ರಾಚಪ್ಪ ಚಹಾ ಕುಡಿದು ಬರುವಷ್ಟರಲ್ಲಿ, ನಿಲ್ಲಿಸಿದ್ದ ಟಿಪ್ಪರ್ ಮಂಜುಗಡ್ಡೆಯ ಮೇಲೆ ಹಿಂದಕ್ಕೆ ಜಾರಿ ಕಂದಕಕ್ಕೆ ಬಿತ್ತು. ಅದರ ಹಿಂದೆ ಮಂಜುಗಡ್ಡೆ ಒಡೆಯುತ್ತಿದ್ದ ಕೂಲಿ ಹುಲಗಪ್ಪನ ಕಾಲು ಗಾಲಿಗೆ ಸಿಕ್ಕಿ ಮುರಿಯಿತು. ರಾಚಪ್ಪನಿಗೆ ಮೈಯೆಲ್ಲ ಉರಿಯಿತು.

“ಗಾಲಿಗೆ ಕಲ್ಲು ಕೊಟ್ಟಽ ಇಳದಿದ್ದೆ! ಯಾವ ಹಲ್ಕಟ್ ತೆಗದಾನ? ನಿನ್ನೆ ಗಾಡಿ ಜಾರಿದಾಗ ಅದಽ ಕಲ್ಲು ತಡದಿದ್ದಕ್ಕ ಈ ಹುಲಗ್ಯಾ ಉಳಕೊಂಡಾನ. ಅಷ್ಟೂ ತಿಳೀದೇನು ನಿಮಗ?”

ಓಡಿಬಂದ ಕೂಲಿಗಳು ಹುಲಗಪ್ಪನನ್ನು ಸುತ್ತುವರಿದರು.

“ಬಾಯಿ ಬಿಡ್ರಿ! ತೆಗದಾಂವನ್ನ ಇಲ್ಲೇ ಹೂಳ್ತೀನಿ!”

ನೆಲದಲ್ಲಿ ನರಳುತ್ತಿದ್ದ ಹುಲಗಪ್ಪ ಡೇರೆಯ ಕಡೆಗೆ ಕೈ ತೋರಿಸಿದ. ಅದರ ಬಾಗಿಲಲ್ಲಿ ಆ ಕಲ್ಲು ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಮುಂದೆ ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು.

“ನಾನಽ ಎತ್ತಿಟ್ಟೆ, ಅಣ್ಣಾ. ಜೀವ ಉಳಿಸಿದ ದೇವರನ್ನ ಗಾಲಿ ಕೆಳಗ ಹೆಂಗ ಬಿಡ್ಲಿ?”