ಬೆನ್ನಲ್ಲಿ ಜಿಪ್ಪಿದ್ದ ರಾಕ್ಷಸ

ನಾನು ಶಾಲೆ ಬಿಟ್ಟಿದ್ದು ತೊಂಬತ್ತೆರಡರಲ್ಲಿ, ಏಳನೇ ಕ್ಲಾಸಿನಲ್ಲಿದ್ದಾಗ. ಇವತ್ತು ಮಗಳು ಟಿವಿಯಲ್ಲಿ ಹಳೇ ರಾಕ್ಷಸನ ಸಿನಿಮಾ ಹಾಕಿ, "ಅಪ್ಪಾ, ಅವನ ಬೆನ್ನಲ್ಲಿ ಜಿಪ್ಪು ಕಾಣ್ತದೆ ನೋಡು!" ಎಂದು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಇದೇ ಸಿನಿಮಾಗೆ ಅಪ್ಪ ನನ್ನನ್ನು ಚನ್ನರಾಯಪಟ್ಟಣಕ್ಕೆ ಕರೆದೊಯ್ದಿದ್ದ, ಮ್ಯಾಟಿನಿಗೆ. ಅದಕ್ಕೂ ಮುಂಚೆ ಯಾವತ್ತೂ ಕರೆದೊಯ್ದವನಲ್ಲ. ಬಿಸಿ ಕಡಲೆಕಾಯಿ ಪೊಟ್ಟಣವನ್ನೂ ಕೈಗಿಟ್ಟ. ರಾಕ್ಷಸ ಕೆರೆಯಿಂದ ಮೇಲೇಳುವಾಗ ಕಿವಿಯ ಹತ್ತಿರ ಬಾಗಿ ಹೇಳಿದ: "ನಾಳಿಂದ ಇಸ್ಕೂಲ್ ಬ್ಯಾಡ ಕಣ್ಲಾ. ನನ್ ಜತೆ ತೆಂಗಿನ್‌ಕಾಯಿ ಸುಲಿಯಾಕೆ ಬಾ."

ನಾನು ಎದ್ದು ಬಾಗಿಲಿಗೆ ಓಡಿದೆ. ಹೊರಗಿನಿಂದ ಚಿಲಕ ಹಾಕಿತ್ತು. ಎರಡೂ ಕೈಯಲ್ಲಿ ಗುದ್ದಿದೆ.

"ಇಂಟ್ರವಲ್ ಗಂಟ ತೆಗ್ಯಾಕಿಲ್ಲ, ಓಗಿ ಕೂತ್ಕಳ್ಲಾ!" ಆಚೆಯಿಂದ ಗೇಟಿನವನು ಗದರಿದ.

"ಉಡ್ಗ ಎದ್ರುಕೊಂಬುಟ್ಟವ್ನೆ ಕಣ್ರಪ್ಪೋ!" ಎಂದು ಬೆಂಚಿನವರೆಲ್ಲ ನಕ್ಕರು.

ಅಪ್ಪ ಬಂದು ನನ್ನನ್ನು ವಾಪಸ್ ಕರೆತಂದು ಕೂರಿಸಿದ. ಕಾಯಿ ಸುಲಿದು ಸುಲಿದು ಒರಟಾದ ಅಂಗೈಯಲ್ಲೇ ನನ್ನ ಕಣ್ಣೊರೆಸಿದ. "ಅದು ರಬ್ಬರ್ ಕಣ್ಲಾ. ಒಳ್ಗೆ ನಮ್ಮಂಗೇ ಒಬ್ಬ ಕೂಲಿಯವ್ನು ಅವ್ನೆ," ಎಂದ. ಅವನು ಪರದೆ ನೋಡುತ್ತಿರಲಿಲ್ಲ.

ಈಗ ನನಗೆ ಒಂದು ಸ್ವಂತ ಮನೆ, ಒಂದು ಲಾರಿ, ಕೈಕೆಳಗೆ ಕಾಯಿ ಸುಲಿಯುವ ಆರು ಜನ, ಹತ್ತನೇ ಕ್ಲಾಸು ಓದುತ್ತಿರುವ ಒಬ್ಬಳು ಮಗಳು.